ಹಬ್ಬದ ಕೆಲಸದಲ್ಲಿ ಮಗುವಿಗೂ ಒಂದು ಪಾಲು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ, ಆಗಮನ ಕಾಲದ ಆರಂಭದಲ್ಲಿ ಮಾಡಿದ ಭಾಷಣ)



ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಮರುಪಾವತಿ, ನಿರ್ಣಯ ಪುಸ್ತಕ. ಅದೆಲ್ಲ ಇದ್ದೇ ಇದೆ. ಇವತ್ತು ಒಂದು ಗಂಟೆ ಮಾತ್ರ ನಮ್ಮ ಮನೆಯ ಚಿಕ್ಕ ಮಕ್ಕಳ ಬಗ್ಗೆ ಮಾತಾಡೋಣ. ಒಂದೂವರೆ ವರ್ಷದಿಂದ ಆರು ವರ್ಷದ ಒಳಗಿನವರು. ಇನ್ನು ನಾಲ್ಕು ವಾರಕ್ಕೆ ಕ್ರಿಸ್ತ ಜಯಂತಿ. ಈ ನಾಲ್ಕು ವಾರದಲ್ಲಿ ಆ ಮಕ್ಕಳು ಮನೆಯಲ್ಲೇ ಎಷ್ಟೊಂದು ಕಲಿಯಬಹುದು, ಅದಕ್ಕೆ ನಾವು ಏನು ಮಾಡಬೇಕು ಎಂಬುದೇ ಇವತ್ತಿನ ವಿಷಯ.

ಡಿಸೆಂಬರ್ ತಿಂಗಳಲ್ಲಿ ಮನೆ ಭೇಟಿಗೆ ಹೋದಾಗ ನಾವು ಮತ್ತೆ ಮತ್ತೆ ನೋಡುವುದು ಇದು. ಅಮ್ಮ ಒಳಗೆ ತಿಂಡಿ ಮಾಡುತ್ತಿರುತ್ತಾರೆ. ಅಪ್ಪ ಅಂಗಳದಲ್ಲಿ ನಕ್ಷತ್ರ ಕಟ್ಟುತ್ತಿರುತ್ತಾರೆ. ದೊಡ್ಡ ಮಕ್ಕಳು ಗೋದಲಿಗೆ ಹುಲ್ಲು ತರಲು ಹೋಗಿರುತ್ತಾರೆ. ಮೂರು ವರ್ಷದ ಮಗು ಮಾತ್ರ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತದೆ. ಯಾಕಮ್ಮಾ ಎಂದು ಕೇಳಿದರೆ, "ಏನ್ ಮಾಡೋದು ಸಿಸ್ಟರ್, ಅವಳು ಕೈ ಹಾಕಿದ್ರೆ ಒಂದು ಕೆಲಸ ಎರಡಾಗುತ್ತೆ" ಎಂಬ ಉತ್ತರ ಬರುತ್ತದೆ.

ಮಾತು ಸುಳ್ಳಲ್ಲ. ಕೆಲಸ ಎರಡಾಗುತ್ತದೆ. ಹಿಟ್ಟು ಚೆಲ್ಲುತ್ತದೆ, ಅಂಟು ತಲೆಗೂದಲಿಗೆ ಮೆತ್ತಿಕೊಳ್ಳುತ್ತದೆ. ಆದರೆ ಆ ಎರಡನೆಯ ಕೆಲಸವೇ ಮಗುವಿನ ಶಾಲೆ. ನಾವು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು: ಹಬ್ಬದ ಕೆಲಸದಿಂದ ಮಗುವನ್ನು ಓಡಿಸಬೇಡಿ, ಅದಕ್ಕೂ ಒಂದು ಪಾಲು ಕೊಡಿ.

ಯಾಕೆ ಇಷ್ಟು ಮುಖ್ಯ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಮಾತಿದೆ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಭಾಗ ಆರು ವರ್ಷ ತುಂಬುವುದರೊಳಗೆ ಆಗಿಹೋಗುತ್ತದೆ. ಅಂದರೆ ಒಂದನೇ ಕ್ಲಾಸಿಗೆ ಸೇರಿಸುವ ಹೊತ್ತಿಗೆ ಬುನಾದಿ ಬಿದ್ದಾಗಿರುತ್ತದೆ. ಆ ಬುನಾದಿ ಹಾಕುವವರು ಬೇರೆ ಯಾರೂ ಅಲ್ಲ, ಮನೆಯವರೇ.

ಬುನಾದಿ ಎಂದರೆ ಎ ಬಿ ಸಿ ಡಿ ಬರೆಸುವುದಲ್ಲ. ಕೈಬೆರಳಿಗೆ ಶಕ್ತಿ ಬರಬೇಕು. ಬಾಯಿಗೆ ಮಾತು ಬರಬೇಕು. ದೊಡ್ಡದು ಚಿಕ್ಕದು, ಮೊದಲು ಆಮೇಲೆ, ಒಳಗೆ ಹೊರಗೆ ಎಂಬುದು ತಿಳಿಯಬೇಕು. ತನ್ನ ಸರದಿಗೆ ಕಾಯುವುದು ಬರಬೇಕು. ಇವೆಲ್ಲ ಪುಸ್ತಕದಿಂದ ಬರುವುದಿಲ್ಲ, ಕೈಯಿಂದ ಬರುತ್ತವೆ. ಹಿಟ್ಟು ನಾದಿದ ಕೈಗೆ ಆಮೇಲೆ ಪೆನ್ಸಿಲ್ ಹಿಡಿಯುವುದು ಸುಲಭ.

ಮೊಬೈಲ್ ವಿಷಯ ಹೇಳಿದೆವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೀಗೆ ಸಲಹೆ ಕೊಟ್ಟಿದೆ: ಎರಡು ವರ್ಷದ ಒಳಗಿನ ಮಕ್ಕಳನ್ನು ಟಿವಿ, ಮೊಬೈಲ್ ಮುಂದೆ ಕೂರಿಸುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲ್‌ನಲ್ಲಿ ನಕ್ಷತ್ರ ನೋಡಿದ ಮಗುವಿಗೆ ನಕ್ಷತ್ರಕ್ಕೆ ಎಷ್ಟು ಮೂಲೆ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಕಡ್ಡಿ ಜೋಡಿಸಿದ ಮಗುವಿಗೆ ಗೊತ್ತಾಗುತ್ತದೆ.

ಗೋದಲಿಯೇ ಒಂದು ಪಾಠ

ಗೋದಲಿ ಕಟ್ಟುವ ಪದ್ಧತಿ ಹೇಗೆ ಹರಡಿತು ಗೊತ್ತೇ? ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ಹಾಕಿದ ಗೋದಲಿ ಇಟ್ಟು, ಜೀವಂತ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿ ಕ್ರಿಸ್ತ ಜಯಂತಿ ಆಚರಿಸಿದರು. ಬಾಲ ಯೇಸು ಎಂಥ ಬಡತನದಲ್ಲಿ ಹುಟ್ಟಿದರು ಎಂಬುದನ್ನು ಜನ ಕಿವಿಯಿಂದ ಕೇಳಿದರೆ ಸಾಲದು, ಕಣ್ಣಾರೆ ಕಾಣಬೇಕು ಎಂಬುದು ಅವರ ಆಸೆ. 2023ಕ್ಕೆ ಆ ಘಟನೆಗೆ 800 ವರ್ಷ ತುಂಬಿತು. ದೊಡ್ಡವರಿಗೇ ಕಣ್ಣಿಂದ ನೋಡಿದರೆ ಹೆಚ್ಚು ತಿಳಿಯುತ್ತದೆ ಎಂದ ಮೇಲೆ ಮಕ್ಕಳ ಮಾತು ಹೇಳಬೇಕೇ? ಮಕ್ಕಳಿಗೆ ನೋಡಿದರೂ ಸಾಲದು, ಮುಟ್ಟಬೇಕು.

ಇನ್ನೊಂದು ಸಂಗತಿ. ಮರಿಯಾ ಮಾಂಟೆಸ್ಸರಿ ಎಂಬ ವೈದ್ಯೆ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕೂಲಿಗಾರರ ಬಡಾವಣೆಯಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದರು. ಅದು 1907ರ ಜನವರಿ 6, ಮೂರು ರಾಯರ ಹಬ್ಬದ ದಿನ. ತಂದೆತಾಯಿ ಕೂಲಿಗೆ ಹೋದ ಮೇಲೆ ಮೆಟ್ಟಿಲ ಮೇಲೆ ಸುಮ್ಮನೆ ಅಲೆಯುತ್ತಿದ್ದ ಮಕ್ಕಳು ಅವರು. ಅಲ್ಲಿ ಮಕ್ಕಳಿಗೆ ಕೈಗೆ ಕೆಲಸ ಕೊಟ್ಟರು. ಗುಡಿಸುವುದು, ತೊಳೆಯುವುದು, ಜೋಡಿಸುವುದು. ಅದರಿಂದಲೇ ಮಕ್ಕಳು ಕಲಿತರು. ಈಗ ಮಾಂಟೆಸ್ಸರಿ ಎಂದರೆ ದೊಡ್ಡ ಫೀಸು ಎಂದು ನಾವು ತಿಳಿದಿದ್ದೇವೆ. ಹುಟ್ಟಿದ್ದು ಮಾತ್ರ ನಮ್ಮಂಥ ಕೂಲಿಗಾರರ ಮಕ್ಕಳಿಗಾಗಿ.

ನಮ್ಮ ರಾಜ್ಯದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾಯಿತು. ಅಂದಿನಿಂದ ಅಂಗನವಾಡಿ ನಮ್ಮ ಜೊತೆಗಿದೆ. ಮೂರು ವರ್ಷ ತುಂಬಿದ ಮಗುವನ್ನು ತಪ್ಪದೆ ಅಲ್ಲಿಗೆ ಕಳಿಸಿ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ಮುಂದುವರಿಸಿ.

ಯಾವ ವಯಸ್ಸಿಗೆ ಯಾವ ಪಾಲು?

ಒಂದೂವರೆಯಿಂದ ಎರಡು ವರ್ಷ: ಹರಿಯುವುದು, ಡಬ್ಬಕ್ಕೆ ಹಾಕುವುದು, ಡಬ್ಬದಿಂದ ತೆಗೆಯುವುದು, ಚಪ್ಪಾಳೆ ತಟ್ಟುವುದು. ಹಳೆ ಪೇಪರ್ ಹರಿದು ಗೋದಲಿಯ ಬೆಟ್ಟಕ್ಕೆ ತುಂಬಿಸಲು ಕೊಡಿ. ಅದು ಅವರ ಪಾಲು.

ಮೂರು ವರ್ಷ: ಉಂಡೆ ಕಟ್ಟುವುದು, ಒತ್ತುವುದು, ಅಂಟಿಸುವುದು, ಬಣ್ಣ ಬೇರೆ ಮಾಡುವುದು. ಒಂದು, ಎರಡು, ಮೂರು ಎಣಿಸುವುದು.

ನಾಲ್ಕು ವರ್ಷ: ದಪ್ಪ ದಾರ ಪೋಣಿಸುವುದು, ಮೊಂಡು ತುದಿಯ ಕತ್ತರಿಯಿಂದ ಪಟ್ಟಿ ಕತ್ತರಿಸುವುದು, ಕೆಂಪು ಆದಮೇಲೆ ಹಸಿರು ಎಂದು ಸರದಿ ಇಡುವುದು.

ಐದು ವರ್ಷ: ಹತ್ತರವರೆಗೆ ವಸ್ತು ಮುಟ್ಟಿ ಎಣಿಸುವುದು, ಅಳೆಯುವುದು, ಕಥೆಯನ್ನು ಕ್ರಮವಾಗಿ ಹೇಳುವುದು.

ಇದು ಅಂದಾಜು ಮಾತ್ರ. ಪಕ್ಕದ ಮನೆ ಮಗು ಮಾಡಿತು, ನನ್ನ ಮಗು ಮಾಡಲಿಲ್ಲ ಎಂದು ಹೋಲಿಸಬೇಡಿ. ನಿಧಾನವಾಗಿ ಕಲಿಯುವ ಮಗುವಿಗೆ, ಅಂಗವಿಕಲತೆ ಇರುವ ಮಗುವಿಗೆ ಚಿಕ್ಕದಾದರೂ ಒಂದು ಪಾಲು ಇರಲೇಬೇಕು. ಯಾವ ಮಗುವೇ ಆದರೂ ಒಂದು ಸಲಕ್ಕೆ ಹತ್ತು ನಿಮಿಷ ಕೂತರೆ ಹೆಚ್ಚು. ಎದ್ದು ಓಡಿದರೆ ಓಡಲಿ. ಅರ್ಧ ಗಂಟೆ ಬಿಟ್ಟು ತಾನೇ ಬರುತ್ತದೆ.

ಮಾಡಬಹುದಾದ ಕೆಲಸಗಳು

1. ಗೋದಲಿಯ ಹೊಲ. ಗೋದಲಿಯ ಸುತ್ತ ಭತ್ತ, ರಾಗಿ ಬಿತ್ತಿ ಹಸಿರು ಮಾಡುವುದು ನಮ್ಮ ಕಡೆ ಇರುವ ಪದ್ಧತಿ. ಅದನ್ನು ಈ ಸಲ ಮಗುವಿನ ಕೈಯಿಂದ ಮಾಡಿಸಿ. ಡಿಸೆಂಬರ್ 10ರ ಸುಮಾರಿಗೆ ಒಂದು ಹಿಡಿ ರಾಗಿ ಅಥವಾ ಭತ್ತವನ್ನು ರಾತ್ರಿ ನೆನೆಹಾಕಿ. ತೆಂಗಿನ ಚಿಪ್ಪಿನಲ್ಲೋ ಒಡೆದ ಬೋಗುಣಿಯಲ್ಲೋ ಮಣ್ಣು ತುಂಬಿ, ಮಗು ಬಿತ್ತಲಿ. ದಿನಾ ಬೆಳಿಗ್ಗೆ ಒಂದು ಲೋಟದಲ್ಲಿ ಸ್ವಲ್ಪ ನೀರು ಚಿಮುಕಿಸುವುದು ಮಗುವಿನ ಜವಾಬ್ದಾರಿ. ನೆನಪಿಸಿ, ಆದರೆ ನೀವು ಹಾಕಬೇಡಿ. ಮೊಳಕೆ ಬಂದ ಮೇಲೆ ಒಂದು ತೆಂಗಿನಗರಿ ಕಡ್ಡಿಯನ್ನು ಪಕ್ಕದಲ್ಲಿ ಹಿಡಿದು, ಪೈರು ಎಲ್ಲಿಯವರೆಗೆ ಬಂತೋ ಅಲ್ಲಿಗೆ ಮುರಿದಿಡಿ. ದಿನಕ್ಕೊಂದು ಕಡ್ಡಿ. ವಾರ ಕಳೆದ ಮೇಲೆ ಸಾಲಾಗಿ ಇಟ್ಟರೆ ಬೆಳೆದದ್ದು ಮಗುವಿಗೆ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಚಿಪ್ಪನ್ನು ಕತ್ತಲೆ ಮೂಲೆಯಲ್ಲಿ ಇಟ್ಟು ನೋಡಿ. ಅದರ ಪೈರು ಬಿಳಿಚಿಕೊಂಡು ಹಳದಿಯಾಗಿರುತ್ತದೆ. "ಯಾಕೆ ಹೀಗಾಯ್ತು ಪುಟ್ಟಾ?" ಎಂದು ಕೇಳಿ. ಬಿಸಿಲಿನ ಪಾಠ ಇಷ್ಟೇ.

2. ಮಣ್ಣಿನ ಕುರಿ. ಕೆರೆ ಅಂಗಳದ ಜೇಡಿಮಣ್ಣು ತಂದು ಕಲ್ಲು ಆರಿಸಿ ಕಲಸಿ. ದೊಡ್ಡ ಉಂಡೆ ಹೊಟ್ಟೆ, ಚಿಕ್ಕ ಉಂಡೆ ತಲೆ, ನಾಲ್ಕು ಕಡ್ಡಿ ಕಾಲು. ಆಯಿತು ಕುರಿ. "ಕುರಿಗೆ ಎಷ್ಟು ಕಾಲು? ಕೋಳಿಗೆ ಎಷ್ಟು?" ಎಂದು ಕೇಳುತ್ತಾ ಮಾಡಿಸಿ. ಕುರಿ ನಾಯಿಯ ಹಾಗೆ ಕಂಡರೂ ಪರವಾಗಿಲ್ಲ. ಮಗು ಮಲಗಿದ ಮೇಲೆ ಅದನ್ನು ತಿದ್ದಿ ಚಂದ ಮಾಡಬೇಡಿ. ಬೆಳಿಗ್ಗೆ ಎದ್ದ ಮಗುವಿಗೆ ತನ್ನ ಕುರಿ ಅದಲ್ಲ ಎಂದು ಗೊತ್ತಾಗುತ್ತದೆ. ಅಂಗಡಿಯ ಬೊಂಬೆಗಳ ನಡುವೆ ಆ ಸೊಟ್ಟ ಕುರಿಯನ್ನೇ ಮುಂದೆ ನಿಲ್ಲಿಸಿ.

3. ಕಡ್ಡಿಯ ನಕ್ಷತ್ರ. ಐದು ಮೂಲೆಯ ನಕ್ಷತ್ರ ಚಿಕ್ಕ ಮಕ್ಕಳಿಗೆ ಕಷ್ಟ. ಒಂದೇ ಅಳತೆಯ ಆರು ಕಡ್ಡಿ ತೆಗೆದುಕೊಳ್ಳಿ. ಮೂರು ಕಡ್ಡಿ ಸೇರಿಸಿ ಒಂದು ತ್ರಿಕೋನ, ಇನ್ನು ಮೂರು ಸೇರಿಸಿ ಇನ್ನೊಂದು. ಮೂಲೆಗಳನ್ನು ನೀವು ದಾರದಿಂದ ಕಟ್ಟಿಕೊಡಿ. ಒಂದು ತ್ರಿಕೋನದ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ಇಟ್ಟರೆ ಆರು ಮೂಲೆಯ ನಕ್ಷತ್ರ. ಹೀಗೆ ತಿರುಗಿಸಿ ಇಡುವ ಕೆಲಸ ಮಗುವಿಗೆ ಬಿಡಿ. ಮೇಲೆ ಬಣ್ಣದ ಪೇಪರ್ ಅಂಟಿಸಬಹುದು. ಕಡ್ಡಿಯ ಚೂಪು ತುದಿಗಳನ್ನು ಮೊದಲೇ ಕತ್ತರಿಸಿರಿ.

4. ಬೆಂಡೆಕಾಯಿ ಅಚ್ಚು. ಸಾರಿಗೆ ಹೆಚ್ಚುವಾಗ ಬೆಂಡೆಕಾಯಿಯ ತೊಟ್ಟಿನ ಕಡೆಯ ತುಂಡನ್ನು ಎತ್ತಿಡಿ. ಅಡ್ಡ ಕತ್ತರಿಸಿದ ಬೆಂಡೆಕಾಯಿ ನಕ್ಷತ್ರದ ಹಾಗೇ ಇರುತ್ತದೆ. ಕರಾವಳಿಯವರಿಗೆ ದಾರೆಹುಳಿಯೂ ಆಗುತ್ತದೆ. ಬೀಟ್‌ರೂಟ್ ರಸದಲ್ಲಿ, ಅರಿಶಿನ ಕಲಸಿದ ನೀರಿನಲ್ಲಿ ಅದ್ದಿ ಹಳೆಯ ಮದುವೆ ಕಾಗದದ ಖಾಲಿ ಬದಿಯ ಮೇಲೆ ಒತ್ತಲಿ. ಅದೇ ಶುಭಾಶಯ ಪತ್ರ. ಅಜ್ಜಿಗೊಂದು, ಅಂಗನವಾಡಿ ಟೀಚರಿಗೊಂದು, ಪಕ್ಕದ ಮನೆಯವರಿಗೊಂದು. ಯಾರಿಗೆ ಕೊಡಬೇಕು ಎಂದು ಮಗುವೇ ಹೇಳಲಿ, ಹೇಳಿದ್ದನ್ನು ನೀವು ಬರೆಯಿರಿ. ಬಾಯಲ್ಲಿ ಆಡಿದ ಮಾತು ಕಾಗದದ ಮೇಲೆ ಅಕ್ಷರವಾಗುತ್ತದೆ ಎಂಬುದು ಓದಿನ ಮೊದಲ ಪಾಠ.

5. ಪೇಪರ್ ಸರಪಳಿ. ಬಣ್ಣದ ಪೇಪರ್ ಪಟ್ಟಿಗಳನ್ನು ಬಳೆಯಂತೆ ಅಂಟಿಸಿ ಒಂದರೊಳಗೊಂದು ಹಾಕುವುದು ಎಲ್ಲರಿಗೂ ಗೊತ್ತು. ಕೆಂಪು, ಹಸಿರು, ಕೆಂಪು, ಹಸಿರು ಎಂದು ಬರಲಿ. ನಾಲ್ಕೈದು ಬಳೆ ನೀವು ಹಾಕಿ, "ಮುಂದೆ ಯಾವುದು?" ಎಂದು ನಿಲ್ಲಿಸಿ. ಲೆಕ್ಕದ ಬೇರು ಇಲ್ಲಿದೆ. ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ ಆರಿಸಿ. ಹುಳ ಬಾರದಿರಲಿ ಎಂದು ಕೆಲವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳು ಬಳಸುವ ಅಂಟಿಗೆ ಹಾಕಲೇಬೇಡಿ. ಎರಡು ದಿನಕ್ಕೆ ಹಳಸಿದರೆ ಚೆಲ್ಲಿ ಹೊಸದು ಮಾಡಿಕೊಳ್ಳಿ.

6. ತಿಂಡಿಯ ದಿನ. ಕರಾವಳಿಯಲ್ಲಿ ಕುಸ್ವಾರ್, ಘಟ್ಟದ ಮೇಲೆ ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯ. ಕೈ ತೊಳೆಸಿ ಮಗುವನ್ನು ಒಂದು ಮಣೆಯ ಮೇಲೆ ಕೂರಿಸಿ. ಕಿಡಿಯೊ ಮಾಡುವಾಗ ಸಣ್ಣ ಉಂಡೆ ಕಟ್ಟಿ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುವುದು ನಾಲ್ಕು ವರ್ಷದವರಿಗೆ ಹೇಳಿಮಾಡಿಸಿದ ಕೆಲಸ. ಹೊಸ ಬಾಚಣಿಗೆ ಇರಲಿ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದು ಹೇಳಿದರೆ ಮಕ್ಕಳು ನಕ್ಕು ನಕ್ಕು ಇನ್ನೂ ಹತ್ತು ಮಾಡುತ್ತಾರೆ. ಮಾಡಿದ್ದನ್ನು ಹತ್ತು ಹತ್ತರ ಗುಂಪು ಮಾಡಿಸಿ. ಆಮೇಲೆ ಪಕ್ಕದ ಮನೆಗೆ ತಟ್ಟೆ ಕೊಂಡೊಯ್ಯುವಾಗ ಮಗುವೂ ಜೊತೆಗೆ ಬರಲಿ. ಕೊಡುವುದನ್ನು ಕೈಯಿಂದಲೇ ಕಲಿಯಬೇಕು.

ತಿನ್ನುವ ಹಿಟ್ಟು ಕೊಡಲು ಆಗದಿದ್ದರೆ ಆಟದ ಹಿಟ್ಟು ಮಾಡಿ: ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಕಲಸುವಷ್ಟು ನೀರು. ಉಪ್ಪು ಹೆಚ್ಚಿರುವುದರಿಂದ ತಿನ್ನದಂತೆ ನೋಡಿಕೊಳ್ಳಿ. ಕೆಂಪು ಬರಲಿ ಎಂದು ಅರಿಶಿನಕ್ಕೆ ಸುಣ್ಣ ಬೆರೆಸಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

7. ಒಂಬತ್ತು ದಿನದ ಹುಲ್ಲು. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನೊವೇನಾ. ಬೆಂಕಿಪೆಟ್ಟಿಗೆಯೋ ಚಿಪ್ಪೋ ಒಂದು ಖಾಲಿ ಗೋದಲಿಯಾಗಲಿ. ದಿನಾ ಮಗು ಒಂದು ಒಳ್ಳೆಯ ಕೆಲಸ ಮಾಡಿದಾಗ ಒಂದು ಎಳೆ ಹುಲ್ಲು ಹಾಕಲಿ. ತಮ್ಮನಿಗೆ ಆಟದ ಸಾಮಾನು ಕೊಟ್ಟದ್ದು, ಅಜ್ಜನ ಚಪ್ಪಲಿ ತಂದುಕೊಟ್ಟದ್ದು, ಕೋಳಿಗೆ ಕಾಳು ಹಾಕಿದ್ದು. ರಾತ್ರಿ ಎಲ್ಲರೂ ಕೂತು ಎಣಿಸಿ. ಒಂದು ಮಾತು ನೆನಪಿಡಿ: ತಪ್ಪು ಮಾಡಿದ ದಿನ ಹುಲ್ಲು ಕಿತ್ತು ತೆಗೆಯಬೇಡಿ, "ನೀನು ಕೆಟ್ಟವಳು, ಬಾಲ ಯೇಸು ಬರಲ್ಲ" ಎಂದು ಹೆದರಿಸಬೇಡಿ. ಮಗುವನ್ನು ಹೆದರಿಸಲು ದೇವರ ಹೆಸರು ಬೇಡ. ಅಪ್ಪ ಅಮ್ಮನೂ ತಮ್ಮ ಪಾಲಿನ ಹುಲ್ಲು ಹಾಕಲಿ. ಜಗಳ ಕಡಿಮೆ ಮಾಡಿದ ದಿನ ಅಪ್ಪ ಒಂದು ಎಳೆ ಹಾಕಲಿ ನೋಡೋಣ!

8. ನಡೆಯುವ ರಾಯರು. ಕ್ರಿಸ್ತ ಜಯಂತಿಯ ರಾತ್ರಿ ಬಾಲ ಯೇಸುವನ್ನು ಗೋದಲಿಯಲ್ಲಿ ಇಡುವುದು ಮನೆಯ ಅತಿ ಚಿಕ್ಕ ಮಗುವಿನ ಪಾಲು. ಆದರೆ ಮೂವರು ರಾಯರನ್ನು ಅವತ್ತೇ ತಂದು ನಿಲ್ಲಿಸಬೇಡಿ. ಮನೆಯ ಇನ್ನೊಂದು ಮೂಲೆಯಲ್ಲಿ ಇಟ್ಟು, ದಿನಾ ಒಂದೊಂದು ಗೇಣು ಮುಂದೆ ನಡೆಸಲಿ. ಜನವರಿ 6ರಂದು ಗೋದಲಿ ಮುಟ್ಟಬೇಕು. ಇನ್ನೆಷ್ಟು ಗೇಣು ಉಳಿದಿದೆ ಎಂದು ಮಗು ತನ್ನ ಕೈಯಿಂದಲೇ ಅಳೆಯುತ್ತದೆ. ಅಪ್ಪನ ಗೇಣಿನಲ್ಲಿ ಅಳೆದರೆ ಲೆಕ್ಕ ಯಾಕೆ ಬೇರೆ ಬಂತು ಎಂದು ಕೇಳಿ. ರಾಯರು ತಂದ ಧೂಪದ ಮಾತು ಬಂದಾಗ ಸ್ವಲ್ಪ ಸಾಂಬ್ರಾಣಿ ಮೂಸಲು ಕೊಡಿ.

ಮಾಡುವಾಗ ಮಾತಾಡಿ

ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿರಬಾರದು. "ಇದೇನು, ಅದೇನು" ಎಂಬ ಪರೀಕ್ಷೆ ಬೇಡ. "ಈಗ ಏನು ಮಾಡೋಣ?", "ಹೀಗೆ ಮಾಡಿದ್ರೆ ಏನಾಗುತ್ತೆ?", "ಮರಿಯಮ್ಮನಿಗೆ ಅವತ್ತು ರಾತ್ರಿ ಎಷ್ಟು ಚಳಿ ಆಗಿರಬಹುದು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮಕ್ಕಳಿಗೆ ಯೋಚಿಸಲು ಸಮಯ ಬೇಕು.

ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಕೆಲವರು ಕೇಳುತ್ತಾರೆ. ಮನೆಯ ಭಾಷೆಯಲ್ಲೇ. ಕೊಂಕಣಿಯೋ, ತುಳುವೋ, ತಮಿಳೋ, ಉರ್ದುವೋ, ಕನ್ನಡವೋ, ಅಮ್ಮನ ಬಾಯಲ್ಲಿ ಸರಾಗವಾಗಿ ಬರುವ ಭಾಷೆ. "ಕಲರ್ ಹೇಳು, ರೆಡ್ ಹೇಳು" ಎಂದು ಇಂಗ್ಲಿಷ್ ಒತ್ತಿ ತುಂಬಬೇಕಿಲ್ಲ. ಒಂದು ಭಾಷೆ ಗಟ್ಟಿಯಾದರೆ ಇನ್ನೊಂದು ಅದರ ಮೇಲೆ ನಿಲ್ಲುತ್ತದೆ.

ಎಚ್ಚರ, ಎಚ್ಚರ

ಹಬ್ಬದ ಮನೆಯಲ್ಲಿ ಅಪಾಯವೂ ಇದೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ಮೂರು ವರ್ಷದ ಒಳಗಿನ ಮಕ್ಕಳ ಕೈಗೆ ಮಣಿ, ಗುಂಡಿ, ಹುಣಸೆಬೀಜ, ಕಡಲೆಕಾಳು ಕೊಡಬೇಡಿ. ಇಡೀ ಶೇಂಗಾ, ಗೋಡಂಬಿಯನ್ನು ಐದು ವರ್ಷದವರೆಗೂ ಪುಡಿ ಮಾಡಿಯೇ ಕೊಡಿ. ಗಂಟಲಲ್ಲಿ ಸಿಕ್ಕಿ ಉಸಿರು ನಿಲ್ಲಬಹುದು. ಹಾಗಾದರೆ ಬಾಯೊಳಗೆ ಕಾಣದೆ ಬೆರಳು ತೂರಿಸಬೇಡಿ, ವಸ್ತು ಇನ್ನೂ ಒಳಗೆ ಹೋಗುತ್ತದೆ. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡು ಭುಜದ ಮೂಳೆಗಳ ನಡುವೆ ಅಂಗೈಯಿಂದ ಗಟ್ಟಿಯಾಗಿ ಐದು ಸಲ ತಟ್ಟಿ. ಆ ಹೊತ್ತಿಗೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮುಂದಿನ ಸಭೆಗೆ ಒಬ್ಬ ನರ್ಸ್‌ರನ್ನು ಕರೆಸಿ ಇದನ್ನೂ, ಮುಂದಿನ ಹಂತಗಳನ್ನೂ ಮಾಡಿ ತೋರಿಸಲು ಕೇಳಿಕೊಳ್ಳಿ.

ಬೊಂಬೆಯ ಕಣ್ಣಿಗೆ ಚಂದ ಎಂದು ಗುಲಗಂಜಿ ಬಳಸುತ್ತಾರೆ. ಗುಲಗಂಜಿಯನ್ನು ಕಚ್ಚಿ ನುಂಗಿದರೆ ಪ್ರಾಣಕ್ಕೆ ಅಪಾಯ. ಅದರ ಬದಲು ಮಸಿಯಿಂದ ಚುಕ್ಕೆ ಇಟ್ಟರೆ ಸಾಕು.

ಮಿಣುಕುವ ಚಿಕ್ಕ ದೀಪ, ಹಾಡುವ ಕಾರ್ಡುಗಳಲ್ಲಿ ಬಟನ್ ಸೆಲ್ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಒಲೆಯ ಮೇಲೆ ಎಣ್ಣೆ ಬಾಣಲೆ ಇರುವಾಗ ಮಗು ಅಡುಗೆಮನೆಯಲ್ಲಿ ಬೇಡ. ಉಂಡೆ ಕಟ್ಟುವ ಕೆಲಸ ಹೊರಗೆ ಮುಗಿಸಿ, ಕರಿಯುವ ಕೆಲಸ ಆಮೇಲೆ ಇಟ್ಟುಕೊಳ್ಳಿ. ಹುಲ್ಲು, ಕಾಗದ ಇರುವ ಗೋದಲಿಯ ಹತ್ತಿರ ಮೇಣದಬತ್ತಿ ಹಚ್ಚಬೇಡಿ. ಸೀರಿಯಲ್ ಲೈಟಿನ ವೈರು ಹರಿದಿದ್ದರೆ ಆ ವರ್ಷ ಅದು ಬೇಡವೇ ಬೇಡ. ಮಲಗುವಾಗ ಸ್ವಿಚ್ ಆರಿಸಿ.

ಖರ್ಚಿನ ಮಾತು

ಈಗ ಸಂಘದ ಲೆಕ್ಕಕ್ಕೆ ಬರೋಣ. ಡಿಸೆಂಬರ್‌ನಲ್ಲಿ ಆಂತರಿಕ ಸಾಲದ ಬೇಡಿಕೆ ಏರುತ್ತದೆ. ಬಟ್ಟೆ, ತಿಂಡಿ, ಲೈಟು, ಮಕ್ಕಳ ಆಟದ ಸಾಮಾನು. ಉದಾಹರಣೆಗೆ ಒಬ್ಬ ತಾಯಿ 3000 ರೂಪಾಯಿ ಸಾಲ ಪಡೆದರು ಎಂದುಕೊಳ್ಳಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಾದರೆ ಮೊದಲ ತಿಂಗಳೇ ಬಡ್ಡಿ 60 ರೂಪಾಯಿ. ತಿಂಗಳಿಗೆ 300ರಂತೆ ಅಸಲು ತೀರಿಸಿದರೆ ಅಕ್ಟೋಬರ್‌ವರೆಗೆ ಕಟ್ಟಬೇಕು, ಬಡ್ಡಿಯೇ ಒಟ್ಟು 330 ರೂಪಾಯಿ ಆಗುತ್ತದೆ. ಬ್ಯಾಟರಿ ಆಟದ ಸಾಮಾನು ಜನವರಿಯಲ್ಲೇ ಮುರಿದಿರುತ್ತದೆ, ಕಂತು ಮಾತ್ರ ಮುಂದಿನ ಮಳೆಗಾಲ ಮುಗಿದರೂ ಮುಗಿಯುವುದಿಲ್ಲ. ಹಬ್ಬ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಮೇಲೆ ಹೇಳಿದ ಎಂಟು ಕೆಲಸಗಳಿಗೆ ಬೇಕಾದ್ದು ಹುಲ್ಲು, ಮಣ್ಣು, ಹಳೆ ಪೇಪರ್, ಒಂದು ಹಿಡಿ ರಾಗಿ, ಎರಡು ಬೆಂಡೆಕಾಯಿ. ಸಾಲ ಮಾಡಿ ತಂದ ಆಟದ ಸಾಮಾನಿಗಿಂತ ಅಮ್ಮ ಪಕ್ಕದಲ್ಲಿ ಕೂತ ಹತ್ತು ನಿಮಿಷ ಮಗುವಿಗೆ ಹೆಚ್ಚು.

"ಹತ್ತು ನಿಮಿಷವೂ ಇಲ್ಲ ಸಿಸ್ಟರ್, ಬೀಡಿ ಕಟ್ಟಬೇಕು, ತೋಟಕ್ಕೆ ಹೋಗಬೇಕು" ಎನ್ನುವವರೂ ಇಲ್ಲಿದ್ದಾರೆ. ನಿಮ್ಮ ಕಷ್ಟ ನಮಗೆ ಗೊತ್ತು. ಅದಕ್ಕೇ ಬೇರೆ ಸಮಯ ತೆಗೆಯಿರಿ ಎಂದು ಹೇಳುತ್ತಿಲ್ಲ. ಹೇಗಿದ್ದರೂ ಮಾಡುವ ಕೆಲಸದಲ್ಲೇ ಪಾಲು ಕೊಡಿ ಎನ್ನುತ್ತಿದ್ದೇವೆ. ಹಿಟ್ಟು ಹೇಗೂ ಕಲಸುತ್ತೀರಿ, ಬೆಂಡೆಕಾಯಿ ಹೇಗೂ ಹೆಚ್ಚುತ್ತೀರಿ. ಇನ್ನೊಂದು ಮಾತು, ಚಿಕ್ಕ ಮಗುವನ್ನು ನೋಡಿಕೊಳ್ಳುವ ಭಾರವನ್ನೆಲ್ಲ ಹತ್ತು ವರ್ಷದ ಅಕ್ಕನ ಮೇಲೆ ಹಾಕಬೇಡಿ. ಅವಳಿಗೂ ಓದು ಇದೆ, ಆಟ ಇದೆ. ಅಪ್ಪಂದಿರು ಕೂರಲಿ, ಅಜ್ಜ ಅಜ್ಜಿ ಕೂರಲಿ. ಕಥೆ ಹೇಳಲು ಅಜ್ಜಿಗಿಂತ ಒಳ್ಳೆಯ ಟೀಚರ್ ಇಲ್ಲ.

ಎಲ್ಲರ ಹಬ್ಬದಲ್ಲೂ ಇದೇ ಪಾಠ

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರಿದ್ದೀರಿ. ಇದು ಕ್ರೈಸ್ತರ ಮನೆಗೆ ಮಾತ್ರ ಎಂದು ತಿಳಿಯಬೇಡಿ. ದೀಪಾವಳಿಗೆ ಗೂಡುದೀಪ ಕಟ್ಟುವ ಬಿದಿರಿನ ಕಡ್ಡಿ, ಬಣ್ಣದ ಪೇಪರ್, ಮೈದಾ ಅಂಟು, ಇವೇ ತಾನೇ ನಮ್ಮ ನಕ್ಷತ್ರಕ್ಕೂ ಬೇಕಾದದ್ದು? ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸುವಾಗ ಅಳತೆ ಕಲಿಸಬಹುದು. ರಂಜಾನ್ ಚಂದ್ರನನ್ನು ಕಾಯುವಾಗ ಚಂದ್ರ ದಿನದಿನಕ್ಕೆ ಬೆಳೆಯುವುದನ್ನು ಬಿಡಿಸಲು ಕೊಡಬಹುದು. ಹಬ್ಬ ಯಾರದ್ದೇ ಇರಲಿ, ಮಗುವಿನ ಕೈಗೆ ಕೆಲಸ ಸಿಗಲಿ. ಗೋದಲಿ ನೋಡಲು ನೆರೆಮನೆಯ ಮಕ್ಕಳನ್ನು ಕರೆಯಿರಿ, ಅವರ ಕೈಯಿಂದಲೂ ಒಂದು ಕುರಿ ಮಾಡಿಸಿ. ಜೊತೆಗೆ ಮಣ್ಣು ಕಲಸಿದ ಮಕ್ಕಳು ದೊಡ್ಡವರಾದ ಮೇಲೆ ಸುಲಭಕ್ಕೆ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ.

ನಿರ್ಣಯ ಪುಸ್ತಕದಲ್ಲಿ ಬರೆಯೋಣ

ಕೇಳಿ ಮನೆಗೆ ಹೋದರೆ ಸಾಲದು. ಇವತ್ತೇ ನಾಲ್ಕು ನಿರ್ಣಯ ಮಾಡೋಣ ಎಂದು ನಮ್ಮ ಕೋರಿಕೆ.

ಒಂದು, ಆರು ವರ್ಷದ ಒಳಗಿನ ಮಗು ಇರುವ ಪ್ರತಿ ಸದಸ್ಯೆ ಈ ಎಂಟರಲ್ಲಿ ಎರಡು ಕೆಲಸವನ್ನಾದರೂ ಮಗುವಿನ ಕೈಯಿಂದ ಮಾಡಿಸಬೇಕು.

ಎರಡು, ಪ್ರತಿ ಸಂಘದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಡಬೇಕು. ಹಳೆ ಪೇಪರ್, ಮದುವೆ ಕಾಗದ, ಬಟ್ಟೆ ಚೂರು, ಖಾಲಿ ಬೆಂಕಿಪೆಟ್ಟಿಗೆ ಯಾರ ಮನೆಯಲ್ಲಿದ್ದರೂ ಅದರಲ್ಲಿ ಹಾಕಿ, ಬೇಕಾದವರು ಒಯ್ಯಬೇಕು. ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಮೂರು, ಕ್ರಿಸ್ತ ಜಯಂತಿಗೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ ಸಂಘದ ಎಲ್ಲ ಚಿಕ್ಕ ಮಕ್ಕಳನ್ನೂ ಒಂದೇ ಅಂಗಳದಲ್ಲಿ ಸೇರಿಸಿ ಒಂದು ಗೋದಲಿ ಮಾಡಬೇಕು. ಸ್ಪರ್ಧೆ ಬೇಡ, ಬಹುಮಾನ ಬೇಡ. ಮೊದಲ ಬಹುಮಾನ ಒಂದು ಮಗುವಿಗೆ ಸಿಕ್ಕರೆ ಉಳಿದ ಹತ್ತು ಮಕ್ಕಳು ಅಳುತ್ತಾ ಮನೆಗೆ ಹೋಗುತ್ತವೆ.

ನಾಲ್ಕು, ಜನವರಿ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮಗು ಮಾಡಿದ್ದನ್ನು ತಂದು ತೋರಿಸಬೇಕು. ಸೊಟ್ಟ ಕುರಿ, ಅರ್ಧ ನಕ್ಷತ್ರ, ಒಣಗಿದ ರಾಗಿ ಪೈರು ಏನೇ ಆಗಲಿ. ಮಗು ಏನು ಹೇಳಿತು ಎಂಬುದನ್ನೂ ಹೇಳಿ. ಅದನ್ನು ಕೇಳಲು ನಾವು ಕಾಯುತ್ತಿರುತ್ತೇವೆ.

ಬೆತ್ಲೆಹೇಮಿನಲ್ಲಿ ಛತ್ರದೊಳಗೆ ಜಾಗವಿಲ್ಲದೆ ಒಂದು ಮಗು ಹೊರಗೆ ಹುಟ್ಟಿತು. ನಮ್ಮ ಮನೆಯ ಮಗುವಿಗೆ ಹಬ್ಬದ ಗಡಿಬಿಡಿಯಲ್ಲಿ ಜಾಗ ಇಲ್ಲ ಎಂದಾಗಬಾರದು. ಸ್ವಲ್ಪ ಸರಿದು ಕೂತು ಪಕ್ಕದಲ್ಲಿ ಒಂದು ಮಣೆ ಹಾಕಿ, ಅಷ್ಟು ಸಾಕು.

ನಿಮಗೂ ನಿಮ್ಮ ಮನೆಯವರಿಗೂ ಕ್ರಿಸ್ತ ಜಯಂತಿಯ ಮತ್ತು ಹೊಸ ವರ್ಷದ ಶುಭಾಶಯಗಳು.  ಈಗ ಪ್ರಶ್ನೆಗಳಿದ್ದರೆ ಕೇಳಿ. ಹಿಂದೆ ಕೂತವರೂ ಸಂಕೋಚ ಬಿಟ್ಟು ಕೇಳಿ.